ರೇವನ್, ಕಾಗೆ ಮತ್ತು ಪ್ರಾಣಿಗಳ ಶಾಸ್ತ್ರೀಯ ನಾಮಕರಣ

ಇಂಗ್ಲಿಷಿನ ‘ರೇವನ್’ ಎಂಬ ಪಕ್ಷಿನಾಮವನ್ನು ಕನ್ನಡಿಸುವಾಗ ‘ಕಾಗೆ’ ಎಂದೋ ‘ಕಾಡುಕಾಗೆ’ ಎಂದೋ ಬರೆದು ಮುಂದೆ ಸಾಗುವುದುಂಟು. ಆದರೆ ಇವು ಒಂದೇ ಹಕ್ಕಿಯ ಹೆಸರುಗಳಲ್ಲ. ಬೂದುಗೊರಳಿನ ಊರುಕಾಗೆ ಒಂದು. ಮೈಯೆಲ್ಲ ಕಪ್ಪಾದ ಕಾಡುಕಾಗೆ ಇನ್ನೊಂದು. ಇವೆರಡಕ್ಕಿಂತಲೂ ಗಾತ್ರದಲ್ಲಿ ಹಿರಿದಾದ, ಬೆಣೆಯಾಕಾರದ ಬಾಲವೂ ಗಂಟಲಲ್ಲಿ ಕೆದರಿದ ಗರಿಗಳೂ ಉಳ್ಳ ರೇವನ್ ಮತ್ತೊಂದು. ಭಾರತದಲ್ಲಿ ಅದು ಹಿಮಾಲಯದ ಎತ್ತರಗಳಲ್ಲಿಯೂ ವಾಯವ್ಯದ ಒಣನೆಲದಲ್ಲಿಯೂ ಕಾಣುವುದೇ ಹೊರತು ಕರ್ನಾಟಕದ ಹಕ್ಕಿಯಲ್ಲ. ಇಂಥ ಗೊಂದಲವನ್ನು ವಿಜ್ಞಾನವು ಹೇಗೆ ನಿವಾರಿಸಿಕೊಂಡಿತೆಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಬಹುದು.

ಸ್ವೀಡನ್ನಿನ ಲಿನೇಯಸನು 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯನ್ನು ಹೊರತಂದನು. ಅದಕ್ಕೆ ಮೊದಲು ಪ್ರಾಣಿಗಳ ಲ್ಯಾಟಿನ್ ಹೆಸರುಗಳು ಹಲವು ಪದಗಳ ವರ್ಣನೆಗಳಾಗಿದ್ದುವು. ಅವುಗಳಿಗೆ ಬದಲಾಗಿ ಆತನು ಎರಡು ಪದಗಳನ್ನು ನಿಯತವಾಗಿ ಬಳಸಿದನು: ಮೊದಲನೆಯದು ಕುಲವನ್ನು, ಎರಡನೆಯದು ಪ್ರಭೇದವನ್ನು ಸೂಚಿಸುವುದು. ರೇವನ್ ಹಕ್ಕಿಗೆ ಆತನಿಟ್ಟ ಹೆಸರು ‘ಕಾರ್ವಸ್ ಕೊರಾಕ್ಸ್’. ಲ್ಯಾಟಿನಿನ ‘ಕಾರ್ವಸ್’, ಗ್ರೀಕಿನ ‘ಕೊರಾಕ್ಸ್’ ಎರಡಕ್ಕೂ ಅರ್ಥ ರೇವನ್ ಎಂದೇ! ನಮ್ಮ ಊರುಕಾಗೆಗೆ 1817ರಲ್ಲಿ ಫ್ರಾನ್ಸಿನ ವಿಯೆಯೋ ಎಂಬ ವಿದ್ವಾಂಸನು ಕೊಟ್ಟ ಹೆಸರು ‘ಕಾರ್ವಸ್ ಸ್ಪ್ಲೆಂಡೆನ್ಸ್’, ಅಂದರೆ ಹೊಳೆಯುವ ಕಾಗೆ. ಇದನ್ನು ಕೇಳಿ ನಗುವವರಿದ್ದಾರು. ಆದರೆ ಶಾಸ್ತ್ರೀಯ ನಾಮವು ಹೊಗಳಿಕೆಯೂ ಅಲ್ಲ, ಪೂರ್ಣ ವರ್ಣನೆಯೂ ಅಲ್ಲ. ಅದು ಎಲ್ಲರೂ ಒಪ್ಪಿಕೊಂಡ ಒಂದು ಗುರುತು. ಆದುದರಿಂದಲೇ ಅರ್ಥವು ಸರಿಹೊಂದಲಿಲ್ಲವೆಂದು ಅದನ್ನು ಬದಲಿಸಲಾಗದು.

ಬದಲಾವಣೆಗೂ ನಿಯಮಗಳುಂಟು. ಅವುಗಳಲ್ಲಿ ಮುಖ್ಯವಾದುದು ಪ್ರಾಥಮ್ಯ: ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದುದೇ ನಿಲ್ಲುತ್ತದೆ. ಇದಕ್ಕೆ ದಖನ್ನಿನ ಉದಾಹರಣೆಯೇ ದೊರೆಯುತ್ತದೆ. ಮುಂಬಯಿ ಸೈನ್ಯದ ಅಧಿಕಾರಿಯಾಗಿದ್ದ ಸೈಕ್ಸನು ದಖನ್ನಿನ ಪಕ್ಷಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿ, ಕಾಡುಕಾಗೆಯನ್ನು ‘ಕಾರ್ವಸ್ ಕಲ್ಮಿನೇಟಸ್’ ಎಂದು ಕರೆದನು. ಆದರೆ ಜಾವಾದ ಕಾಗೆಗೆ 1827ರಲ್ಲಿಯೇ ವ್ಯಾಗ್ಲರನು ‘ಕಾರ್ವಸ್ ಮ್ಯಾಕ್ರೊರಿಂಕೋಸ್’ ಎಂಬ ಹೆಸರನ್ನಿಟ್ಟಿದ್ದನು. ಇವೆರಡೂ ಒಂದೇ ಪ್ರಭೇದವೆಂದು ಮುಂದಿನ ವಿದ್ವಾಂಸರು ಬಗೆದಾಗ ಹಿಂದಿನ ಹೆಸರು ಗೆದ್ದಿತು. ಸೈಕ್ಸನ ಪದವು ಉಪಪ್ರಭೇದವನ್ನು ಸೂಚಿಸುವ ಮೂರನೆಯ ಸ್ಥಾನಕ್ಕೆ ಇಳಿಯಿತು. ಈಚೆಗೆ ಕೂಗಿನಲ್ಲಿಯ ಭೇದವೇ ಮೊದಲಾದ ಆಧಾರಗಳಿಂದ ಭಾರತದ ಕಾಡುಕಾಗೆಯನ್ನು ಹಲವು ಪಟ್ಟಿಗಳು ಮತ್ತೆ ಬೇರೆ ಪ್ರಭೇದವಾಗಿ ಗಣಿಸಿವೆ. ಆಗ ಹೊಸ ಹೆಸರನ್ನು ಹುಡುಕಬೇಕಾಗಲಿಲ್ಲ. ಸೈಕ್ಸನ ಹೆಸರೇ ಎದ್ದು ನಿಂತಿತು.

ಹೆಸರು ನಿಂತರೂ ಪ್ರಕೃತಿ ನಿಲ್ಲುವುದಿಲ್ಲ. ಉತ್ತರ ಅಮೆರಿಕದ ಪಶ್ಚಿಮಭಾಗದ ರೇವನ್‌ಗಳಲ್ಲಿ, ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಬೇರ್ಪಟ್ಟಿದ್ದ ಎರಡು ವಂಶಧಾರೆಗಳು ಪುನಃ ಬೆರೆತಿರುವುದನ್ನು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕವಲೊಡೆದುದು ಮರಳಿ ಕೂಡಬಹುದಾದರೆ ಪ್ರಭೇದದ ಗಡಿ ಎಲ್ಲಿ? ಈ ಪ್ರಶ್ನೆಯನ್ನು ಹೆಸರು ತೀರ್ಮಾನಿಸಲಾರದು. ಆದರೆ ಯಾವ ಹಕ್ಕಿಯನ್ನು ಕುರಿತು ವಾದ ನಡೆದಿದೆಯೆಂಬುದರಲ್ಲಿ ಸಂದೇಹ ಉಳಿಯದಂತೆ ಮಾಡುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದರ ಪ್ರಯೋಜನವು ಸುಲಭವಾಗಿ ತಿಳಿಯಬೇಕು. ನಮ್ಮ ಕಾಗೆಯು ಮರಾಠಿಯಲ್ಲಿ ಕಾವಳಾ, ತೆಲುಗಿನಲ್ಲಿ ಕಾಕಿ, ಹಿಂದಿಯಲ್ಲಿ ಕೌವಾ. ಶಾಸ್ತ್ರೀಯ ನಾಮವು ಈ ಮನೆಮಾತುಗಳನ್ನು ಕಸಿಯಲು ಬಂದುದಲ್ಲ. ಅವುಗಳ ನಡುವಿನ ಸೇತುವೆ ಅದು. ಭೇದವನ್ನರಿತು ಹೆಸರಿಡುವುದು ನಮಗೆ ಹೊಸತೂ ಅಲ್ಲ. ಅಮರಕೋಶವು ಕಾಕವನ್ನೂ ದ್ರೋಣಕಾಕವನ್ನೂ ಬೇರೆಬೇರೆಯಾಗಿ ಹೇಳಿ, ಎರಡನೆಯದಕ್ಕೆ ಕಾಕೋಲವೆಂಬ ಪರ್ಯಾಯವನ್ನೂ ಕೊಡುತ್ತದೆ. ಆದಕಾರಣ ಅನುವಾದಕರೂ ನಿಘಂಟುಕಾರರೂ ರೇವನ್ನನ್ನು ರೇವನ್ ಎಂದೇ ಬರೆಯಲಿ, ಕಾಕೋಲವೆಂದೇ ಕರೆಯಲಿ, ಒಮ್ಮೆಯಾದರೂ ಅದರ ಶಾಸ್ತ್ರೀಯ ನಾಮವನ್ನು ಜೊತೆಗಿಡುವುದು ಲೇಸು. ಕಾಡುಕಾಗೆಯ ಹೆಸರನ್ನು ಅದಕ್ಕೆ ಕೊಟ್ಟುಬಿಟ್ಟರೆ, ನಮ್ಮ ಕಾಡುಕಾಗೆಯನ್ನು ಏನೆಂದು ಕರೆಯೋಣ?