ಮರಿ ಕಚ್ಚಿದರೆ ಹೊಡೆಯಬೇಡಿ, ಬಾಯಿಗೆ ಕೆಲಸ ಕೊಡಿ

ಮನೆಗೆ ಬಂದು ಎರಡು ವಾರವೂ ಆಗಿಲ್ಲ, ಆಗಲೇ ಚಪ್ಪಲಿಯ ಪಟ್ಟಿ ತುಂಡಾಗಿದೆ. ಮೊಬೈಲ್ ಚಾರ್ಜರಿನ ವೈರಿನ ಮೇಲೆ ಹಲ್ಲಿನ ಗುರುತು ಮೂಡಿದೆ. ಮಕ್ಕಳ ಮುಂಗೈ ತುಂಬ ಗೀರುಗಳು. ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಮರಿ ತಂದ ಬಹುತೇಕ ಮನೆಗಳ ಕಥೆ ಇದೇ. ಮುದ್ದಿನ ಮರಿ ಇಷ್ಟು ಬೇಗ ಕಚ್ಚುವ ನಾಯಿಯಾಯಿತೇ ಎಂಬ ಆತಂಕ ಮನೆಯವರನ್ನು ಕಾಡುತ್ತದೆ. ಒಂದೆರಡು ಏಟು ಬೀಳುತ್ತವೆ. ಅದಕ್ಕೂ ಬಗ್ಗದಿದ್ದರೆ ಮರಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವ ಮಾತು ಏಳುತ್ತದೆ. ಆದರೆ ಆ ಮರಿ ಮಾಡುತ್ತಿರುವುದು ತಪ್ಪಲ್ಲ. ತನ್ನ ತಳಿಗೆ ಸಹಜವಾದದ್ದನ್ನೇ ಮಾಡುತ್ತಿದೆ.

ಬಾಯಿಯೇ ಈ ತಳಿಯ ಕೈ

ಈ ನಾಯಿಗಳು 'ಗನ್‌ಡಾಗ್' ವರ್ಗಕ್ಕೆ ಸೇರಿದವು. ಬೇಟೆಗಾರನ ಗುಂಡಿಗೆ ಸಿಕ್ಕಿ ನೀರಿಗೋ ಪೊದೆಗೋ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟದಂತೆ ಕಚ್ಚಿ ತಂದು ಯಜಮಾನನ ಕೈಗೊಪ್ಪಿಸುವುದೇ ಇವುಗಳ ಕಸುಬು. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಬಳಿಯಿದ್ದ ನಾಯಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತ ಭೂಮಾಲೀಕರು ಅವನ್ನು ತರಿಸಿಕೊಂಡು ತಳಿಯನ್ನು ರೂಪಿಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಈ ತಳಿಗೆ ಮಾನ್ಯತೆ ನೀಡಿತು. ಗೋಲ್ಡನ್ ರಿಟ್ರೀವರ್ ತಳಿಯ ಮೂಲ ಸ್ಕಾಟ್ಲೆಂಡಿನ ಎಸ್ಟೇಟೊಂದರಲ್ಲಿ 1868ರಲ್ಲಿ ಹುಟ್ಟಿದ ಮರಿಗಳಲ್ಲಿದೆ.

ತಲೆಮಾರುಗಳ ಕಾಲ, ಏನನ್ನಾದರೂ ಬಾಯಲ್ಲಿ ಹೊತ್ತು ತರುವ ನಾಯಿಗಳನ್ನೇ ಆರಿಸಿ ಬೆಳೆಸಿದ ಫಲವಾಗಿ ಆ ಗುಣ ರಕ್ತದಲ್ಲಿ ಬೆರೆತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಭಾರತದಲ್ಲಿ ಬೇಟೆಯೆಂಬ ಹವ್ಯಾಸಕ್ಕೆ ಅವಕಾಶವಿಲ್ಲ. ಹಾಗಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಹುಬ್ಬಳ್ಳಿಯ ಬಡಾವಣೆಯಲ್ಲೋ ಬೆಳೆಯುವ ಮರಿಗೆ ಹಕ್ಕಿ ಸಿಗುವುದಿಲ್ಲ. ಆದರೆ ಬಾಯಿ ಸುಮ್ಮನಿರದು. ಕಾಲುಚೀಲ, ಟಿ.ವಿ. ರಿಮೋಟ್, ಯಜಮಾನನ ಬೆರಳು, ಸಿಕ್ಕಿದ್ದೆಲ್ಲವೂ ಅದಕ್ಕೆ ಹಕ್ಕಿಯೇ.

ಹಲ್ಲಿನ ಲೆಕ್ಕಾಚಾರ

ಇದರ ಜೊತೆಗೆ ಹಲ್ಲು ಬರುವ ನೋವೂ ಸೇರುತ್ತದೆ. ನಾಯಿಮರಿಗೆ ಇರುವ ಹಾಲುಹಲ್ಲು 28. ಸೂಜಿಯಂತೆ ಚೂಪಾದ ಇವು ಮೂರನೇ ವಾರದಿಂದ ಮೂಡಲಾರಂಭಿಸುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಒಂದೊಂದಾಗಿ ಉದುರಿ, ಆರೇಳು ತಿಂಗಳೊಳಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ವಸಡು ನೋಯುತ್ತದೆ, ತುರಿಸುತ್ತದೆ. ಜಗಿದರೆ ಆರಾಮವೆನಿಸುತ್ತದೆ. ಆಟಿಕೆಯ ಮೇಲೆ ಅಲ್ಪಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಆದರೆ ಹೊಸ ಹಲ್ಲು ಬಂದ ಮೇಲೂ ಹಾಲುಹಲ್ಲು ಪಕ್ಕದಲ್ಲೇ ಉಳಿದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಮೊದಲ ಪಾಠ ಒಡಹುಟ್ಟಿದವರಿಂದ

ಎಷ್ಟು ಗಟ್ಟಿಯಾಗಿ ಕಚ್ಚಬಹುದೆಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳೊಂದಿಗಿನ ಆಟದಲ್ಲಿ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಆಟ ಬೇಕಿದ್ದರೆ ಹಲ್ಲು ಹಗುರವಾಗಬೇಕೆಂಬ ಅರಿವು ಹೀಗೆ ಮೂಡುತ್ತದೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರ್ಪಟ್ಟ ಮರಿಗೆ ಈ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೂ ಎಂಟು ವಾರದೊಳಗಿನ ಮರಿಗಳ ಮಾರಾಟವನ್ನು ನಿಷೇಧಿಸಿವೆ. 'ಚಿಕ್ಕದಿದ್ದಷ್ಟೂ ಚೆನ್ನಾಗಿ ಹೊಂದಿಕೊಳ್ಳುತ್ತದೆ' ಎಂಬ ಮಾರಾಟಗಾರರ ಮಾತಿಗೆ ಕೊಳ್ಳುವವರು ಮರುಳಾಗಬಾರದು.

ಉಳಿದ ಪಾಠ ಮನೆಯವರ ಹೊಣೆ. ಮರಿ ಕೈ ಕಚ್ಚಿದ ಕೂಡಲೇ ಆಟ ನಿಲ್ಲಬೇಕು. ಕೈಯನ್ನು ಝಾಡಿಸಿ ಎಳೆದುಕೊಂಡರೆ ಅದು ಓಡುವ ಬೇಟೆಯಂತೆ ಕಂಡು ಮರಿ ಇನ್ನಷ್ಟು ಹುರುಪಿನಿಂದ ಬೆನ್ನಟ್ಟುತ್ತದೆ. ಅರ್ಧ ನಿಮಿಷ ಮಾತಿಲ್ಲದೆ, ನೋಟವಿಲ್ಲದೆ ಎದ್ದು ನಿಂತು, ನಂತರ ಆಟಿಕೆಯನ್ನು ಬಾಯಿಗೆ ಕೊಡಬೇಕು. ಮೂತಿಗೆ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು ಸಲ್ಲದು. ಅದರಿಂದ ಮರಿ ಕಲಿಯುವುದು ಮನುಷ್ಯನ ಕೈಗೆ ಹೆದರುವುದನ್ನು ಮಾತ್ರ. ಹೆದರಿದ ನಾಯಿಯೇ ಮುಂದೆ ನಿಜವಾಗಿ ಕಚ್ಚುವ ನಾಯಿ. ಸಂಜೆಯ ವೇಳೆ ಮರಿ ಹುಚ್ಚೆದ್ದಂತೆ ಕಚ್ಚಾಡುತ್ತಿದ್ದರೆ ಅದಕ್ಕೆ ಬೇಕಿರುವುದು ಬಹುಶಃ ನಿದ್ದೆ. ಮನೆಯವರೆಲ್ಲರೂ ಒಂದೇ ಕ್ರಮ ಪಾಲಿಸುವುದು ಮುಖ್ಯ. ಅಪ್ಪ ಗದರಿಸಿ, ಮಗ ಅದೇ ಕೈಯಿಂದ ಆಡಿಸಿದರೆ ಮರಿಗೆ ಏನೂ ತಿಳಿಯದು.

ಯಾವ ಆಟಿಕೆ ಒಳ್ಳೆಯದು?

ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಹಲ್ಲಿನಿಂದ ಕಿತ್ತರೆ ಚೂರಾಗಬಾರದು. ಬಾಯೊಳಗೆ ಪೂರ್ತಿ ಹಿಡಿಸದಷ್ಟು ದೊಡ್ಡದಿರಬೇಕು. ಆಟಿಕೆ ಆರಿಸಲು ಈ ಮೂರು ಪರೀಕ್ಷೆಗಳು ಸಾಕು. ಒಳಗೆ ಆಹಾರ ತುಂಬಬಹುದಾದ ಟೊಳ್ಳು ರಬ್ಬರ್ ಆಟಿಕೆಗಳು ಇದಕ್ಕೆ ಸೂಕ್ತ. ಜಗತ್ತಿನಾದ್ಯಂತ ಹೆಸರಾದ 'ಕಾಂಗ್' ಆಟಿಕೆ ಹುಟ್ಟಿದ್ದೇ ಒಂದು ಆಕಸ್ಮಿಕದಿಂದ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ಎಂಬವರ ನಾಯಿ ಕಲ್ಲು ಕಚ್ಚಿ ಹಲ್ಲು ಸವೆಸಿಕೊಳ್ಳುತ್ತಿತ್ತು. ಅದು ಫೋಕ್ಸ್‌ವ್ಯಾಗನ್ ವಾಹನದ ರಬ್ಬರ್ ಬಿಡಿಭಾಗವೊಂದನ್ನು ಬಿಡದೆ ಜಗಿಯುವುದನ್ನು ಕಂಡು ಅವರಿಗೆ ಈ ಆಟಿಕೆಯ ಕಲ್ಪನೆ ಹೊಳೆಯಿತು.

ದುಬಾರಿ ಆಟಿಕೆಯೇ ಬೇಕೆಂದೇನಿಲ್ಲ. ಟವೆಲ್ ತುಂಡನ್ನು ನೆನೆಸಿ, ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಕೊಟ್ಟರೆ ವಸಡಿನ ನೋವಿಗೆ ತಂಪು. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನೋ ಬೇಯಿಸಿದ ಗೆಣಸನ್ನೋ ರಬ್ಬರ್ ಆಟಿಕೆಯೊಳಗೆ ತುಂಬಿ ಹೆಪ್ಪುಗಟ್ಟಿಸಿದರೆ ಮರಿ ಬಹಳ ಹೊತ್ತು ಅದರಲ್ಲೇ ಮಗ್ನವಾಗಿರುತ್ತದೆ. ಆದರೆ ಅಷ್ಟನ್ನು ದಿನದ ಆಹಾರದಿಂದ ಕಳೆಯಬೇಕು. ಸುಮಾರು ನಾಲ್ಕನೇ ಒಂದರಷ್ಟು ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹೆಚ್ಚಿಸುವ ವಂಶವಾಹಿ ದೋಷವಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡಿದ್ದಾರೆ.

ಇವು ಬೇಡ

ಬೇಯಿಸಿದ ಮೂಳೆ ಸಿಬಿರಾಗಿ ಒಡೆದು ಗಂಟಲು, ಕರುಳನ್ನು ಸೀಳಬಹುದು. ಜಿಂಕೆ ಕೊಂಬು, ದನದ ಗೊರಸಿನಂಥ ಅತಿ ಗಟ್ಟಿ ವಸ್ತುಗಳಿಂದ ದವಡೆ ಹಲ್ಲು ಸೀಳುತ್ತದೆ. ಚರ್ಮದ ಮೂಳೆಯ ತುಂಡನ್ನು ನುಂಗಿದರೆ ಉಸಿರುಕಟ್ಟುವ ಅಪಾಯವಿದೆ. ಮನೆಗಳಲ್ಲಿ ಲಕ್ಷ್ಯ ಕೊಡದ ಇನ್ನೊಂದು ಅಪಾಯವೆಂದರೆ ಮಾವಿನ ಗೊರಟೆ. ಸಿಹಿಯ ಆಸೆಗೆ ಮರಿ ಅದನ್ನು ನುಂಗಿದರೆ ಕರುಳಿನಲ್ಲಿ ಸಿಕ್ಕಿ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಅಂಗಳದ ಕಣಗಿಲೆ ಗಿಡ ವಿಷಕಾರಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಸಹ ನಾಯಿಗೆ ವಿಷವೇ. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಡುವುದೂ ತಪ್ಪು. ಹಳತು ಹೊಸತೆಂಬ ಭೇದ ಮರಿಗೆ ತಿಳಿಯದು.

ತಂದದ್ದನ್ನು ಕಸಿಯಬೇಡಿ

ಮರಿ ಕಾಲುಚೀಲ ಕಚ್ಚಿಕೊಂಡು ಓಡಿದಾಗ ಮನೆಯವರೆಲ್ಲ ಅಟ್ಟಿಸಿಕೊಂಡು ಹೋಗುವುದು ಸಾಮಾನ್ಯ. ಗನ್‌ಡಾಗ್ ತರಬೇತುದಾರರ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕಸಿಯುವ ಭಯವಿದ್ದ ಮರಿ ವಸ್ತುವನ್ನು ಬಿಗಿಯಾಗಿ ಕಚ್ಚುತ್ತದೆ, ಅಡಗಿಸುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ಅದರ ಬದಲು ಕೆಳಗೆ ಕುಳಿತು ಹತ್ತಿರ ಕರೆಯಬೇಕು. ಬಂದಾಗ ಬೆನ್ನು ಸವರಿ, ತಿನಿಸು ಕೊಟ್ಟು, ಬಾಯಲ್ಲಿದ್ದುದನ್ನು ಬಿಡಿಸಿಕೊಳ್ಳಬೇಕು. ಎಸೆದು ತರಿಸುವ ಆಟದ ವಸ್ತು ಬೇರೆ, ಜಗಿಯುವ ಆಟಿಕೆ ಬೇರೆ ಇರಲಿ. ಮೊದಲನೆಯದನ್ನು ಆಟ ಮುಗಿದ ಕೂಡಲೇ ಎತ್ತಿಡಬೇಕು. ಹಕ್ಕಿಯ ಗರಿ ಕೊಂಕದಂತೆ ತರುವ 'ಮೃದು ಬಾಯಿ' ಈ ತಳಿಯ ಹೆಮ್ಮೆ. ಅದು ಉಳಿಯುವುದೂ ಕೆಡುವುದೂ ಈ ತಿಂಗಳುಗಳಲ್ಲೇ.

ರೇಬೀಸ್ ಮರೆಯದಿರಿ

ಮರಿಗೆ ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಾಗುವಾಗ ಬೀಳುತ್ತದೆ. ಅದು ಹೆಚ್ಚು ಕಚ್ಚಾಡುವುದೂ ಆಸುಪಾಸಿನ ಅದೇ ದಿನಗಳಲ್ಲಿ. ಮನೆಯ ಮುದ್ದು ಮರಿಯ ಹಲ್ಲು ತಾನೇ ಎಂಬ ಉದಾಸೀನ ಸಲ್ಲದು. ಚರ್ಮ ಸೀಳಿ ರಕ್ತ ಬಂದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ವೈದ್ಯರನ್ನು ಕಾಣಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುವುದು ಅಪಾಯಕರ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಅತ್ಯಂತ ವಿರಳ. ಚಿಕ್ಕ ಮಕ್ಕಳನ್ನು ಮರಿಯೊಂದಿಗೆ ಒಂಟಿಯಾಗಿ ಬಿಡಬಾರದು.

ಶಾಶ್ವತ ಹಲ್ಲುಗಳೆಲ್ಲ ಬಂದ ನಂತರ ಕಚ್ಚಾಟ ಬಹುಮಟ್ಟಿಗೆ ತಗ್ಗುತ್ತದೆ. ಜಗಿಯುವ ಆಸೆ ಮಾತ್ರ ಮುಂದೆಯೂ ಇರುತ್ತದೆ. ನಾಲ್ಕೈದು ತಿಂಗಳ ಸಹನೆ ಸಾಲದೆ ಮರಿಯನ್ನು ಹೊರಗಟ್ಟಿದರೆ ಹತ್ತು ಹನ್ನೆರಡು ವರ್ಷ ಜೊತೆಗಿರಬೇಕಾದ ಪ್ರಾಣಿ ಬೀದಿಪಾಲಾಗುತ್ತದೆ. ಚಪ್ಪಲಿಯನ್ನು ಮೇಲೆತ್ತಿಟ್ಟು, ಮರಿಯ ಮುಂದೆ ಅದರದೇ ಆಟಿಕೆಯನ್ನಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಬಗೆಹರಿದಂತೆ.