ಹೈಬ್ರಿಡ್ ಕಾರು: ನೆರೆದೇಶದ ಬೆಲೆ, ವರ್ತಕರ ಲೆಕ್ಕ

ಪೆಟ್ರೋಲ್ ಎಂಜಿನ್ನಿನೊಡನೆ ವಿದ್ಯುತ್ ಮೋಟಾರನ್ನೂ ಹೊಂದಿದ ಹೈಬ್ರಿಡ್ ಕಾರಿನ ಬೆಲೆ ಹಾಗೂ ಮಾರಾಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಯಾ ದೇಶದ ತೆರಿಗೆ ನೀತಿ. ಶ್ರೀಲಂಕೆಯಲ್ಲಿ ಸುಂಕದ ರಿಯಾಯಿತಿಯಿದ್ದ ವರ್ಷಗಳಲ್ಲಿ ಜಪಾನಿನ ಹೈಬ್ರಿಡ್ ಕಾರುಗಳು ಹೇರಳವಾಗಿ ಮಾರಾಟವಾದವು. ವಿದೇಶಿ ವಿನಿಮಯದ ಕೊರತೆಯಿಂದ 2020ರಲ್ಲಿ ಆಮದು ನಿಂತಾಗ ಹಳೆಯ ಕಾರುಗಳ ಬೆಲೆಯೂ ಏರಿತು. ಖಾಸಗಿ ವಾಹನಗಳ ಆಮದು ಮತ್ತೆ ಆರಂಭವಾದುದು 2025ರಲ್ಲಿ.

ಭಾರತದಲ್ಲಿ ಇನ್ನೋವಾ ಹೈಕ್ರಾಸ್‌ನಂತಹ ಹೈಬ್ರಿಡ್ ಕಾರು ಬಿಡದಿಯಲ್ಲಿಯೇ ತಯಾರಾಗುತ್ತದೆ. ಆದರೂ ತೆರಿಗೆ ಹಗುರವಲ್ಲ. 2017ರಲ್ಲಿ ಜಿಎಸ್‌ಟಿ ಶೇ. 28 ಹಾಗೂ ಸೆಸ್ ಶೇ. 15, ಒಟ್ಟು ಶೇ. 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ರದ್ದಾಗಿ ದೊಡ್ಡ ಹೈಬ್ರಿಡ್‌ಗೆ ಶೇ. 40, ನಾಲ್ಕು ಮೀಟರ್ ಉದ್ದ ಹಾಗೂ 1,200 ಸಿಸಿ ಮೀರದ ಪೆಟ್ರೋಲ್ ಹೈಬ್ರಿಡ್‌ಗೆ ಶೇ. 18 ನಿಗದಿಯಾಯಿತು. ವಿದ್ಯುತ್ ಕಾರಿಗೆ ಶೇ. 5 ಮಾತ್ರ. ತೆರಿಗೆಪೂರ್ವ ಮೌಲ್ಯ 15 ಲಕ್ಷ ರೂ. ಇದ್ದರೆ ದೊಡ್ಡ ಹೈಬ್ರಿಡ್‌ಗೆ 21 ಲಕ್ಷ, ವಿದ್ಯುತ್ ಕಾರಿಗೆ 15.75 ಲಕ್ಷ, ವ್ಯತ್ಯಾಸ 5.25 ಲಕ್ಷ ರೂ.

ಇಳಕಲ್ಲಿನ ಸೀರೆ ವರ್ತಕರಾಗಲಿ, ಹುನಗುಂದದ ಸಣ್ಣ ಉದ್ಯಮಿಯಾಗಲಿ ಸಂಸ್ಥೆಯ ಹೆಸರಿನಲ್ಲಿ ಸ್ವಂತ ಓಡಾಟಕ್ಕೆ ಇಂತಹ ಕಾರು ಕೊಂಡರೆ, ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)ರನ್ವಯ ಆ ಆರು ಲಕ್ಷ ರೂ. ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅದನ್ನು ಕಾರಿನ ವೆಚ್ಚಕ್ಕೆ ಸೇರಿಸಿ, ವ್ಯಾಪಾರದ ಬಳಕೆಯ ಮಟ್ಟಿಗೆ ಶೇ. 15ರ ಸವಕಳಿ ಪಡೆಯಬಹುದು. ಬಾದಾಮಿಯ ಪ್ರವಾಸಿ ಟ್ಯಾಕ್ಸಿ ಮಾಲೀಕರಿಗೆ ಈ ನಿರ್ಬಂಧವಿಲ್ಲ, ಆದರೆ ಶೇ. 5ರ ದರ ಆರಿಸಿಕೊಂಡವರಿಗೆ ಕಾರಿನ ಮೇಲಿನ ಜಮೆ ಸಿಗದು.

ಹೈಬ್ರಿಡ್‌ನ ಇಂಧನ ಉಳಿತಾಯ ನಿಂತು ನಿಂತು ಸಾಗುವ ನಗರ ಸಂಚಾರದಲ್ಲಿ ಹೆಚ್ಚು. ಬಾಗಲಕೋಟೆಯಿಂದ ಇಳಕಲ್ಲಿಗೆ ಹೆದ್ದಾರಿಯಲ್ಲಿ ಸಾಗುವಾಗ ಕಡಿಮೆ. ಆದ್ದರಿಂದ ವಾರ್ಷಿಕ ಓಟದ ಲೆಕ್ಕ ಹಾಕಿದ ನಂತರವೇ ಮುಂಗಡ ಕೊಡುವುದು ಲೇಸು.