ಕಿಟಕಿ ಪಕ್ಕದ ಹುಡುಗಿ

ಮಳೆಗಾಲದ ಮುಂಜಾವು. ಬೈಕಂಪಾಡಿಯ ಹೆದ್ದಾರಿಯಲ್ಲಿ ಪಣಂಬೂರು ಬಂದರಿನ ಕಡೆಗೆ ಟ್ಯಾಂಕರುಗಳ ಸಾಲು, ಕೈಗಾರಿಕಾ ಪ್ರದೇಶದ ಬೆಳಗಿನ ಪಾಳಿಗೆ ಹೊರಟವರ ಬೈಕುಗಳು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸು ಬಂದು ನಿಲ್ಲುತ್ತದೆ. "ಎದುರು ಪೋಲೆ, ಎದುರು ಪೋಲೆ" ಎಂದು ಕಂಡಕ್ಟರ್ ಮುಂದೆ ಹೋಗಲು ಅವಸರಿಸುತ್ತಾನೆ. ಬಿಳಿ ಕೋಟು ಮಡಚಿ ತೋಳಿಗೆ ಹಾಕಿಕೊಂಡ ನಾಲ್ಕೈದು ನರ್ಸಿಂಗ್ ವಿದ್ಯಾರ್ಥಿನಿಯರು ಹತ್ತುತ್ತಾರೆ.

ಇಬ್ಬರದು ಮಲಯಾಳಂ ಪಿಸುಮಾತು. ಇನ್ನೊಬ್ಬಳು ರಾತ್ರಿ ಮುಗಿಯದ ಕೇರ್ ಪ್ಲ್ಯಾನನ್ನು ಕುಲುಕಾಟದಲ್ಲೇ ಬರೆಯುತ್ತಿದ್ದಾಳೆ. ಕಿಟಕಿ ಪಕ್ಕದವಳು ಮಾತ್ರ ಸುಮ್ಮನಿದ್ದಾಳೆ. ಗೊಬ್ಬರದ ಕಾರ್ಖಾನೆ ಹಿಂದೆ ಸರಿಯಿತು, ಕೂಳೂರು ಸೇತುವೆಯ ಕೆಳಗೆ ಫಲ್ಗುಣಿ ನದಿ ಕೆಂಪಾಗಿ ತುಂಬಿ ಹರಿಯುತ್ತಿದೆ. ಅವಳು ಯಾವುದನ್ನೂ ನೋಡುತ್ತಿಲ್ಲ. ಗೆಳತಿ ಚಾಚಿದ ಬಿಸ್ಕತ್ತೂ ಬೇಡ. ನಿದ್ದೆಗೆಟ್ಟ ಆಯಾಸ ಅಷ್ಟೇ ಇರಬಹುದು. ಆದರೂ ಯಾರಾದರೂ ಕೇಳಬೇಕಲ್ಲ?

ಹತ್ತೊಂಬತ್ತರ ಪ್ರಾಯದಲ್ಲಿ ಈ ಮಕ್ಕಳು ವಾರ್ಡಿನಲ್ಲಿ ಮೊದಲ ಸಾವು ನೋಡುತ್ತಾರೆ. ನಿನ್ನೆ ಗಂಜಿ ಕುಡಿಸಿದ ಅಜ್ಜಿಯ ಹಾಸಿಗೆ ಇವತ್ತು ಖಾಲಿ. ಅಳಲು ಪುರುಸೊತ್ತಿಲ್ಲ, ಪಕ್ಕದ ಹಾಸಿಗೆಯ ಬಿಪಿ ನೋಡಬೇಕು. ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ನೋವು ಹೇಳಿಕೊಂಡರೆ, ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಊರಿನಲ್ಲಿ ಓದಿನ ಸಾಲ. ಹಾಸ್ಟೆಲಿಗೆ ಮರಳಿದರೆ ಮರುದಿನದ ಇಂಟರ್ನಲ್ಸ್.

ಬಿ.ಎಸ್ಸಿ. ನರ್ಸಿಂಗಿನ ಮೂರನೇ ವರ್ಷದಲ್ಲಿ ಮಾನಸಿಕ ಆರೋಗ್ಯವೇ ಒಂದು ವಿಷಯ. ಎರಡು ವಾರ ಬಿಡದ ಬೇಸರ, ಕೆಟ್ಟ ನಿದ್ದೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು: ಖಿನ್ನತೆಯ ಈ ಲಕ್ಷಣಗಳನ್ನು ರೋಗಿಯಲ್ಲಿ ಗುರುತಿಸಲು ಕಲಿಯುತ್ತಾರೆ. ತಮ್ಮಲ್ಲೇ ಕಂಡರೆ ಬಾಯಿ ಕಟ್ಟುತ್ತದೆ. "ನರ್ಸ್ ಆಗುವವಳಿಗೇ ಹೀಗಾ?" ಎಂದಾರೆಂಬ ಅಂಜಿಕೆ. ಹೇಳಿಕೊಳ್ಳಬೇಕಾದ ಮೇಡಮ್ಮರ ಕೈಯಲ್ಲೇ ಇಂಟರ್ನಲ್ ಅಂಕಗಳೂ ಇದ್ದರೆ ಯಾರು ಮನಸ್ಸು ಬಿಚ್ಚುತ್ತಾರೆ? ನನ್ನ ಪ್ರಕಾರ ದೊಡ್ಡ ತೊಡಕು ಇದೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯಿದ್ದ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆಯೊಳಗೇ ದಿನ ಕಳೆಯುವವರೂ ಆ ಸಾಲಿಗೆ ಸೇರಬಾರದು.

ಅಂಕಕ್ಕೂ ಹಾಜರಿಗೂ ಸಂಬಂಧವಿಲ್ಲದ ಒಬ್ಬ ಆಪ್ತಸಮಾಲೋಚಕರನ್ನು ಪ್ರತಿ ನರ್ಸಿಂಗ್ ಕಾಲೇಜೂ ನೇಮಿಸಲಿ. ಹೆತ್ತವರು ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು ಊಟ, ನಿದ್ದೆ ವಿಚಾರಿಸಲಿ. ಇಷ್ಟರಲ್ಲಿ ಯಾರಿಗಾದರೂ ತಡೆಯಲಾಗದೆ ಹೋದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ; ಕನ್ನಡದಲ್ಲೂ ಮಲಯಾಳಂನಲ್ಲೂ ಮಾತಾಡಬಹುದು.